ದೋಣಿಯ ಸ್ವಿಚ್‌ಗಳಿಗೆ ಎಂಥ ಬಾಕ್ಸ್ ಹಾಕಬೇಕು?

ಗಂಗೊಳ್ಳಿಯಿಂದ ಪ್ರಶ್ನೆ:

ನಮ್ಮದು 28 ಅಡಿಯ ಫೈಬರ್ ದೋಣಿ. 25 ಹೆಚ್‌ಪಿ ಔಟ್‌ಬೋರ್ಡ್ ಇಂಜಿನ್, 12 ವೋಲ್ಟಿನ ಒಂದು ಬ್ಯಾಟರಿ. ನ್ಯಾವಿಗೇಶನ್ ಲೈಟ್, ನೀರು ಹೊರಗೆ ಹಾಕುವ ಪಂಪ್, ಫಿಶ್ ಫೈಂಡರ್, ವೈರ್‌ಲೆಸ್, ಬಲೆ ಎಳೆಯುವಾಗ ಹಾಕುವ ಎಲ್‌ಇಡಿ ಲೈಟ್. ಒಟ್ಟು ಐದು ಸ್ವಿಚ್. ಎರಡು ವರ್ಷದ ಹಿಂದೆ ಮನೆಗೆ ಹಾಕುವ ಪ್ಲಾಸ್ಟಿಕ್ ಬಾಕ್ಸಿನಲ್ಲೇ ಎಲ್ಲ ಕೂರಿಸಿದ್ದೆವು. ಏಪ್ರಿಲಿನಲ್ಲಿ ಒಂದು ಸಂಜೆ ವಾಪಸ್ ಬರುವಾಗ ಅಳಿವೆ ಹತ್ತಿರ ಪಂಪಿನ ಸ್ವಿಚ್ ಕೆಲಸ ಮಾಡಲಿಲ್ಲ. ತಮ್ಮ ಬಕೆಟಿನಲ್ಲಿ ನೀರು ಮೊಗೆದು ಹಾಕುತ್ತಲೇ ಬಂದ. ದಡಕ್ಕೆ ಬಂದು ಬಾಕ್ಸ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಈಗ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ದೋಣಿ ಮೇಲೆ ಎಳೆದಿಟ್ಟಿದ್ದೇವೆ. ಈ ಸಲ ಸರಿಯಾಗಿ ಮಾಡಬೇಕು ಅಂತಿದೆ. ಅಂಗಡಿಯಲ್ಲಿ ಐಪಿ 65, ಐಪಿ 67 ಅಂತ ತೋರಿಸುತ್ತಾರೆ. ಯಾವುದು ಬೇಕು? ಸ್ಟೀಲ್ ಒಳ್ಳೆಯದಾ, ಪ್ಲಾಸ್ಟಿಕ್ ಒಳ್ಳೆಯದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಲ್ಪೆಯಿಂದ, ಬೋಟ್ ವೈರಿಂಗ್ ಮಾಡುವವರು:

ನಿಮ್ಮ ತಮ್ಮ ನೀರು ಮೊಗೆದದ್ದು ಓದಿ ಹೊಟ್ಟೆ ಚುರುಕ್ ಅಂದಿತು. ಇಂಥ ಬಾಕ್ಸ್ ನಾನು ಎಷ್ಟೋ ಬಿಚ್ಚಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೀವು ಬಾಕ್ಸ್ ಯಾವುದು ಅಂತ ಕೇಳಿದಿರಿ. ನಾನು ಮೊದಲು ಕೇಳುವುದು, ಅದನ್ನು ಎಲ್ಲಿ ಇಡುತ್ತೀರಿ ಅಂತ. ನಿಮ್ಮದು ಕ್ಯಾಬಿನ್ ಇಲ್ಲದ ದೋಣಿ. ಅಲೆ ಹೊಡೆದಾಗ ನೀರು ಯಾವ ಕಡೆಯಿಂದ ಬರುತ್ತದೆ ಅಂತ ನಿಮಗೇ ಗೊತ್ತು. ಚುಕ್ಕಾಣಿ ಹಿಡಿಯುವವರ ಕೈಗೆ ಎಟಕುವ ಜಾಗದಲ್ಲಿ, ಯಾವುದಾದರೂ ಹಲಗೆಯ ಮರೆಯಲ್ಲಿ, ಹಿಂಭಾಗಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿ ಕೂರಿಸಿ. ಮಲಗಿಸಿ ಇಡಬೇಡಿ, ಮುಚ್ಚಳದ ಮೇಲೆ ನೀರು ನಿಲ್ಲುತ್ತದೆ. ಬ್ಯಾಟರಿ ಇಟ್ಟ ಗೂಡಿನೊಳಗೂ ಬೇಡ, ಪೆಟ್ರೋಲ್ ಕ್ಯಾನ್ ಇಡುವ ಕಡೆಯೂ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿದು ಕೂರುತ್ತದೆ. ಸ್ವಿಚ್ಚಿನಿಂದ ಒಂದು ಕಿಡಿ ಸಾಕು.

ಈಗ ಐಪಿ ನಂಬರ್. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 5 ಅಂದರೆ ಪೈಪಿನಿಂದ ಹಾರಿಸಿದ ನೀರು ತಡೆಯುತ್ತದೆ. ಪರೀಕ್ಷೆಯಲ್ಲಿ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆಯುತ್ತಾರೆ. 6 ಅಂದರೆ ನಿಮಿಷಕ್ಕೆ 100 ಲೀಟರ್, ಅದೂ ದಪ್ಪ ಧಾರೆ. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. 67 ಅಂದರೆ 66ಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತಲ್ಲ. ಎರಡೂ ಬೇರೆ ಬೇರೆ ಪರೀಕ್ಷೆ. ಸುಮ್ನೆ ಮುಳುಗಿಸಿದಾಗ ತಡೆಯುವ ಬಾಕ್ಸ್ ಜೋರಾದ ಧಾರೆ ತಡೆಯಲೇಬೇಕು ಅಂತೇನೂ ಇಲ್ಲ. ಎರಡರಲ್ಲೂ ಪಾಸಾದದ್ದಕ್ಕೆ ಐಪಿ 66/67 ಅಂತ ಎರಡೂ ಬರೆದಿರುತ್ತಾರೆ. ದೋಣಿಗೆ ಬೇಕಾದದ್ದು ಅಲೆಯ ಹೊಡೆತ ತಡೆಯುವುದು. ನನ್ನ ಪ್ರಕಾರ ಐಪಿ 66 ಸಾಕು.

ಇನ್ನೊಂದು ಮಾತು. ಈ ಪರೀಕ್ಷೆ ಎಲ್ಲ ಸಿಹಿ ನೀರಿನಲ್ಲಿ, ಹೊಸ ಬಾಕ್ಸಿಗೆ, ಕಾರ್ಖಾನೆಯಿಂದ ಬಂದ ಹಾಗೇ ಇರುವಾಗ ಮಾಡಿದ್ದು. ನಾವು ತಂದು ಅದಕ್ಕೆ ಐದು ಸ್ವಿಚ್ಚಿನ ತೂತು, ಆರು ವೈರಿನ ತೂತು ಕೊರೆಯುತ್ತೇವೆ. ಕೊರೆದ ಮೇಲೆ ಆ ನಂಬರ್ ಉಳಿಯುವುದು ಬಿಡುವುದು ನಮ್ಮ ಕೈಯಲ್ಲಿ. ನಾನು ಬಿಚ್ಚಿದ ಹಾಳಾದ ಬಾಕ್ಸ್‌ಗಳಲ್ಲಿ ಬಾಕ್ಸೇ ಒಡೆದದ್ದು ಕಡಿಮೆ. ಜಾಸ್ತಿ ಕಡೆ ನೀರು ಬಂದದ್ದು ವೈರಿನ ತೂತಿನಿಂದ.

ಆದ್ದರಿಂದ ವೈರ್ ಎಲ್ಲ ಕೆಳಗಿನಿಂದಲೇ ಒಳಗೆ ಹೋಗಲಿ. ಒಂದು ತೂತಿಗೆ ಒಂದು ಕೇಬಲ್ ಗ್ಲ್ಯಾಂಡ್ (ಕೇಬಲಿನ ಸುತ್ತ ಬಿಗಿದು ನೀರು ತಡೆಯುವ ತಿರುಪಿನ ಬಿರಡೆ), ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್. ಎರಡು ತೆಳು ವೈರ್ ಸೇರಿಸಿ ಒಂದರಲ್ಲಿ ತುರುಕಿದರೆ ಮಧ್ಯದ ಸಂದಿ ಹಾಗೇ ಉಳಿಯುತ್ತದೆ, ಎಷ್ಟು ಬಿಗಿದರೂ ಮುಚ್ಚುವುದಿಲ್ಲ. ದುಂಡನೆಯ ಕೇಬಲ್ ತಗೊಳ್ಳಿ, ಚಪ್ಪಟೆ ಬೇಡ. ಕೇಬಲಿನ ದಪ್ಪ ಅಳೆದುಕೊಂಡು ಹೋಗಿ ಅದಕ್ಕೆ ಹೊಂದುವ ಗ್ಲ್ಯಾಂಡ್ ತನ್ನಿ. ಕೇಬಲ್ ಬಾಕ್ಸಿಗೆ ಹೋಗುವ ಮೊದಲು ಕೆಳಗೆ ಜೋತು ಬಿದ್ದು ಮೇಲೆ ಏರಲಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಸ್ವಿಚ್ ಮನೆಯದ್ದು ಬೇಡವೇ ಬೇಡ. ಮನೆಯ ಕರೆಂಟ್ ಎಸಿ, ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ಆಫ್ ಮಾಡಿದಾಗ ಏಳುವ ಕಿಡಿ ಅಲ್ಲೇ ಆರುತ್ತದೆ. ಬ್ಯಾಟರಿಯದ್ದು ಡಿಸಿ, ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಆರಲು ಹೆಚ್ಚು ಹೊತ್ತು ಬೇಕು. ಮೇಲಾಗಿ 12 ವೋಲ್ಟಿನಲ್ಲಿ ಕರೆಂಟೂ ಜಾಸ್ತಿ. 60 ವಾಟಿಗೆ ಮನೆಯಲ್ಲಿ ಕಾಲು ಆಂಪಿಯರ್, ದೋಣಿಯಲ್ಲಿ 5 ಆಂಪಿಯರ್. ಪಂಪಿನಂಥ ಮೋಟಾರಿಗೆ ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ಡಿಸಿಗೆ ಎಷ್ಟು ಆಂಪಿಯರ್ ಅಂತ ಬರೆದ ಸ್ವಿಚ್ಚೇ ತಗೊಳ್ಳಿ. ಟಾಗಲ್ ಸ್ವಿಚ್ ಆದರೆ ರಬ್ಬರ್ ಟೊಪ್ಪಿ ಇರುವುದು. ಸ್ವಿಚ್ಚಿನ ಮೇಲೆ ಐಪಿ 67 ಅಂತ ಇದ್ದರೆ ಅದು ಎಷ್ಟೋ ಸಲ ಮುಂಭಾಗಕ್ಕೆ ಮಾತ್ರ, ಹಿಂದಿನ ಟರ್ಮಿನಲ್ ಬರಿದಾಗಿಯೇ ಇರುತ್ತದೆ. ಇದನ್ನು ಅಂಗಡಿಯಲ್ಲಿ ತಿರುಗಿಸಿ ನೋಡಿ.

ಪ್ರತಿ ಲೈನಿಗೂ ಅದರದೇ ಫ್ಯೂಸ್ ಇರಲಿ. ದೊಡ್ಡ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ವೈರ್ ತವರದ ಲೇಪ ಇರುವ ತಾಮ್ರದ್ದು ಸಿಕ್ಕರೆ ಎರಡು ಮಾತಿಲ್ಲದೆ ತಗೊಳ್ಳಿ. ಬರೀ ತಾಮ್ರದ ಎಳೆ ಉಪ್ಪು ನೀರನ್ನು ಬತ್ತಿಯ ಹಾಗೆ ಹೀರಿ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಂಡರೂ ಒಳಗೆ ಕಪ್ಪಾಗುತ್ತಾ ಹೋಗುತ್ತದೆ.

ಕಾರವಾರದಿಂದ:

ಸ್ಟೀಲ್ ವಿಷಯ ನನ್ನ ಅನುಭವ ಹೇಳ್ತೇನೆ. ಪೇಂಟ್ ಹೊಡೆದ ಕಬ್ಬಿಣದ ಬಾಕ್ಸ್ ಹಾಕಿದ್ದೆ. ಸ್ಕ್ರೂ ತಿರುಗಿಸಿದಲ್ಲಿ ಪೇಂಟ್ ಎದ್ದಿತು, ಅಲ್ಲಿಂದ ತುಕ್ಕು ಶುರುವಾಯಿತು. ಆಮೇಲೆ ಸ್ಟೇನ್‌ಲೆಸ್ ಅಂತ ತಂದೆ. ಅದೂ ಕಂದು ಚುಕ್ಕಿ ಬಿಟ್ಟಿತು. ವಿಚಾರಿಸಿದರೆ ಅದು 304 ಅನ್ನುವ ದರ್ಜೆಯದ್ದಂತೆ. ಸಮುದ್ರಕ್ಕೆ 316 ಬೇಕಂತೆ, ಅದರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಂ ಅನ್ನುವ ಲೋಹ ಇರುತ್ತದೆ. ಬೆಲೆ ನಮ್ಮ ಕೈಗೆ ಎಟಕುವಂಥದ್ದಲ್ಲ. ಈಗ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಬಾಕ್ಸ್ ಇದೆ, ಸೊಗಸಾಗಿ ನಡೀತಿದೆ. ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ಗರಿಗರಿ ಒಡೆಯುತ್ತದೆ, ನೋಡಿಕೊಂಡು ತಗೊಳ್ಳಿ. ಮುಚ್ಚಳದ ಸ್ಕ್ರೂ ಮಾತ್ರ 316 ಹಾಕಿದ್ದೇನೆ, ನಾಲ್ಕು ಸ್ಕ್ರೂಗೆ ಏನು ಮಹಾ ಖರ್ಚು.

ಹಡಗಿನಲ್ಲಿ ಇಲೆಕ್ಟ್ರಿಕಲ್ ಆಫೀಸರ್, ರಜೆಯಲ್ಲಿ ಕುಮಟಾದ ಮನೆಯಲ್ಲಿ:

ಮಲ್ಪೆಯವರು ಹೇಳಿದ್ದೆಲ್ಲ ನೂರಕ್ಕೆ ನೂರು ಸರಿ. ಒಂದು ವಿಷಯ ಸೇರಿಸಲೇಬೇಕು. ಯಾಕೆಂದರೆ ಅಷ್ಟೆಲ್ಲ ಸರಿಯಾಗಿ ಮಾಡಿದವರ ಬಾಕ್ಸಿನಲ್ಲೂ ನೀರು ಕಂಡು ಅವರಿಗೆ ತಲೆಬುಡ ತಿಳಿಯುವುದಿಲ್ಲ.

ಬಾಕ್ಸ್ ಉಸಿರಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ 50 ಡಿಗ್ರಿಗೆ ಕಾಯುತ್ತದೆ, ಹಿಗ್ಗಿ ಹೇಗೋ ಸ್ವಲ್ಪ ಹೊರಗೆ ಹೋಗುತ್ತದೆ. ಆಗ ಒಂದು ತಣ್ಣನೆಯ ಅಲೆ ಬಂದು ಮೇಲೆ ಬೀಳುತ್ತದೆ. ಒಳಗಿನ ಗಾಳಿ 25 ಡಿಗ್ರಿಗೆ ಇಳಿದರೆ ಒತ್ತಡ ನೂರಕ್ಕೆ ಎಂಟು ಪಾಲು ಕಡಿಮೆಯಾಗುತ್ತದೆ. ಇದು ಸಣ್ಣದಲ್ಲ. ಬಾಕ್ಸನ್ನು ಮುಕ್ಕಾಲು ಮೀಟರ್ ನೀರಿನಡಿ ಹಿಡಿದಷ್ಟು ಎಳೆತ. ಅದೇ ಹೊತ್ತಿಗೆ ಮುಚ್ಚಳದ ಸಂದಿಯಲ್ಲಿ ನೀರಿದ್ದರೆ ಬಾಕ್ಸೇ ಅದನ್ನು ಒಳಗೆ ಹೀರಿಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಎಷ್ಟೇ ಬಿಗಿಯಾಗಿದ್ದರೂ ದಿನಾ ಹೀಗಾದರೆ ಒಂದು ದಿನ ಸೋಲುತ್ತದೆ. ಒಳಗೆ ಬಂದ ನೀರಿಗೆ ಆಮೇಲೆ ಹೊರಗೆ ಹೋಗಲು ದಾರಿಯೂ ಇಲ್ಲ.

ಬಂದ ನೀರು ಆರಿತು ಅಂತಿಟ್ಟುಕೊಳ್ಳಿ. ಉಪ್ಪು ಉಳಿಯುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರೆಳೆದು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿಯಾದರೆ ತೇವ ಅಷ್ಟು ಇದ್ದೇ ಇರುತ್ತದಲ್ವಾ? ಹಾಗಾಗಿ ಒಮ್ಮೆ ಉಪ್ಪು ಹೊಕ್ಕ ಬಾಕ್ಸ್ ರಾತ್ರಿ ರಾತ್ರಿ ಒದ್ದೆಯಾಗುತ್ತಲೇ ಇರುತ್ತದೆ. ಡಿಸಿ ಕರೆಂಟ್ ಇರುವಲ್ಲಿ ಆ ಒದ್ದೆಯಲ್ಲಿ ಪ್ಲಸ್ ಕಡೆಯ ತಾಮ್ರ ಬೇಗ ಬೇಗ ಕರಗುತ್ತದೆ. ನಿಮ್ಮ ಬಾಕ್ಸಿನ ಹಸಿರು ಕಿಲುಬಿನಲ್ಲಿ ಇದರ ಪಾಲು ದೊಡ್ಡದಿರಬೇಕು. ದಡಕ್ಕೆ ಬಂದ ಮೇಲೆ ಬ್ಯಾಟರಿಯ ಮುಖ್ಯ ಸ್ವಿಚ್ ತಪ್ಪದೆ ಆಫ್ ಮಾಡಿ. ಟರ್ಮಿನಲ್ಲಿನಲ್ಲಿ ಕರೆಂಟೇ ಇಲ್ಲದಿದ್ದರೆ ಈ ಸವೆತ ಅಷ್ಟು ಹೊತ್ತು ನಿಲ್ಲುತ್ತದೆ.

ಹಡಗಿನ ಡೆಕ್ ಮೇಲಿನ ಬಾಕ್ಸ್‌ಗಳಲ್ಲಿ ನಾನು ಕಂಡ ಒಳ್ಳೆಯ ಉಪಾಯ, ತಳದಲ್ಲಿ ಒಂದು ಬ್ರೀದರ್ ಕೂರಿಸುವುದು. ಗಾಳಿ ಬಿಡುವ, ನೀರು ಬಿಡದ ಪೊರೆ ಅದರಲ್ಲಿರುತ್ತದೆ. ಗ್ಲ್ಯಾಂಡಿನ ಹಾಗೇ ತಿರುಗಿಸಿ ಕೂರಿಸುವುದು. ಒಳಗೆ ಹೊರಗೆ ಒತ್ತಡ ಒಂದೇ ಆದರೆ ಎಳೆತವೇ ಇರುವುದಿಲ್ಲ. ಬಾಕ್ಸ್ ತಿಳಿ ಬಣ್ಣದ್ದು ಇರಲಿ, ಬಿಸಿಲಿಗೆ ಕಡಿಮೆ ಕಾಯುತ್ತದೆ.

ಮಲ್ಪೆಯವರು ಮತ್ತೆ:

ಸರ್, ಇದನ್ನು ಓದಿ ಒಂದು ಹಳೇ ಬೋಟಿನ ಗುಟ್ಟು ಈಗ ತಿಳಿಯಿತು. ಎಲ್ಲಾ ಸಂದಿಗೂ ಸಿಲಿಕೋನ್ ಬಳಿದು ಕೊಟ್ಟಿದ್ದೆ. ಆದರೂ ಮೂರೇ ತಿಂಗಳಲ್ಲಿ ಒಳಗೆ ಅರ್ಧ ಲೋಟ ನೀರು. ಬ್ರೀದರ್ ಸಿಗದಿದ್ದವರು ತಳದ ಮೂಲೆಯಲ್ಲಿ, ನೀರು ನೇರ ಹೊಡೆಯದ ಕಡೆ, 3 ಮಿಲಿಮೀಟರಿನ ಒಂದು ತೂತಾದರೂ ಬಿಡಬಹುದು. ಐಪಿ ನಂಬರ್ ಹೋಗುತ್ತದೆ ನಿಜ, ಆದರೆ ಬಂದ ನೀರು ನಿಲ್ಲುವುದಿಲ್ಲ. ಮರೆಯಲ್ಲಿ ಇಟ್ಟ ಬಾಕ್ಸಿಗೆ ಮಾತ್ರ ಇದು.

ಸಿಲಿಕೋನ್ ಹೇಳಿದ ಮೇಲೆ ಇದನ್ನೂ ಹೇಳಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬಾಕ್ಸಿನ ಹತ್ತಿರ ತರಬೇಡಿ. ಅದು ಆರುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದೇ ಕೇಳಿ.

ಹೊನ್ನಾವರದಿಂದ, ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರ ದೋಣಿ ನಡೆಸುವ ಕುಟುಂಬದ ಮಹಿಳೆ:

ನಾನು ವೈರಿಂಗ್ ತಿಳಿದವಳಲ್ಲ, ದೋಣಿ ನಡೆಸುವವಳು. ಒಂದೇ ಮಾತು ಹೇಳ್ತೇನೆ ಅಣ್ಣ. ಮುಚ್ಚಳ ತೆಗೆದು ಒಳಗೆ ಸ್ವಿಚ್ ಒತ್ತುವಂಥ ಬಾಕ್ಸ್ ತಗೋಬೇಡಿ. ನಮ್ಮದು ಹಾಗೇ ಇತ್ತು. ಮಳೆಯಲ್ಲಿ ಲೈಟ್ ಹಾಕಲು ಮುಚ್ಚಳ ತೆಗೆದರೆ ನೀರೆಲ್ಲ ಒಳಗೆ. ಕೊನೆಗೆ ಯಾರೂ ಮುಚ್ಚಳ ಹಾಕುವುದನ್ನೇ ಬಿಟ್ಟರು. ಸ್ವಿಚ್ ಹೊರಗೇ ಇರಲಿ, ಕತ್ತಲೆಯಲ್ಲಿ ಒದ್ದೆ ಕೈಗೆ ಗೊತ್ತಾಗುವ ಹಾಗೆ. ನಾವು ಪಂಪಿನ ಸ್ವಿಚ್ಚನ್ನು ಉಳಿದವುಗಳಿಂದ ಎರಡು ಬೆರಳು ದೂರ ಇಟ್ಟಿದ್ದೇವೆ. ನನ್ನ ಮಗನೂ ಕಣ್ಣು ಮುಚ್ಚಿ ಹುಡುಕುತ್ತಾನೆ.

ಗಂಗೊಳ್ಳಿಯವರು:

ಎಲ್ಲರಿಗೂ ಮನಸಾರೆ ಧನ್ಯವಾದ. ತಿಳಿ ಬೂದು ಬಣ್ಣದ ಪಾಲಿಕಾರ್ಬೊನೇಟ್ ಬಾಕ್ಸ್ ತಂದೆ, ಐಪಿ 66. ಅಕ್ಕ ಹೇಳಿದ ಹಾಗೆ ಪಂಪಿನ ಸ್ವಿಚ್ ದೂರ ಇಟ್ಟು ಗುರುತು ಹಾಕಿದ್ದೇನೆ. ಒಂದು ಸಂಶಯ. ಪಂಪಿಗೆ ನೀರು ಏರಿದರೆ ತಾನೇ ಆನ್ ಆಗುವ ಫ್ಲೋಟ್ ಸ್ವಿಚ್ ಹಾಕಬೇಕು ಅಂತಿದ್ದೇನೆ. ಮುಖ್ಯ ಸ್ವಿಚ್ ಆಫ್ ಮಾಡಿದರೆ ಅದು ಓಡುವುದು ಹೇಗೆ?

ಮಲ್ಪೆಯವರು:

ಒಳ್ಳೆಯದನ್ನೇ ಕೇಳಿದಿರಿ. ಫ್ಲೋಟಿನ ಲೈನ್ ಒಂದನ್ನು ಮಾತ್ರ ಮುಖ್ಯ ಸ್ವಿಚ್ಚಿಗೆ ಸೇರಿಸದೆ ನೇರ ಬ್ಯಾಟರಿಗೆ ಕೊಡಿ, ಅದರದೇ ಫ್ಯೂಸ್ ಹಾಕಿ. ಬಂದರಿನ ಧಕ್ಕೆಯಲ್ಲಿ ಕಟ್ಟಿದ ದೋಣಿಗೆ ರಾತ್ರಿ ಮಳೆ ತುಂಬಿದರೂ ಪಂಪ್ ಓಡುತ್ತದೆ. ಆ ಲೈನ್ ಯಾವಾಗಲೂ ಜೀವಂತ ಇರುವುದರಿಂದ ಅದರ ಜಾಯಿಂಟ್ ತಳದ ನೀರಿನಲ್ಲಿ ಬೇಡ, ಎತ್ತರದಲ್ಲಿ ಮಾಡಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಬಾಕ್ಸಿನ ಸ್ವಿಚ್ ಕೈಯಿಂದ ಓಡಿಸಲು ಬೇರೆ ಇರಲಿ.

ವೈರ್ ಜೋಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸ್ವಿಚ್, ಗ್ಲ್ಯಾಂಡ್, ತುಂಡು ಕೇಬಲ್ ಎಲ್ಲ ಕೂರಿಸಿ, ಒಳಗೆ ನ್ಯೂಸ್‌ಪೇಪರ್ ಹಾಸಿ ಮುಚ್ಚಳ ಬಿಗಿಯಿರಿ. ಬಿಸಿಲು ಬಂದ ದಿನ ಎರಡು ಗಂಟೆ ಹೊರಗಿಡಿ. ಬಿಸಿಯಾಗಿರುವಾಗಲೇ ಪೈಪಿನಿಂದ ಎಲ್ಲಾ ಕಡೆಯಿಂದ ನೀರು ಹೊಡೆಯಿರಿ. ಆಮೇಲೆ ಹೊರಗೆ ಒರೆಸಿ ಬಿಚ್ಚಿ. ಪೇಪರ್ ಎಲ್ಲಿ ಒದ್ದೆಯೋ ಅಲ್ಲೇ ದೋಷ.

ಗಂಗೊಳ್ಳಿಯವರು, ಆರು ದಿನದ ನಂತರ:

ಇವತ್ತು ಬಿಸಿಲು ಬಂತು, ಪರೀಕ್ಷೆ ಮಾಡಿದೆವು. ಪೇಪರಿನ ಬಲ ಮೂಲೆ ಒದ್ದೆ. ನೋಡಿದರೆ ವೈರ್‌ಲೆಸ್ಸಿನ ಕೇಬಲಿಗೆ ಹಾಕಿದ ಗ್ಲ್ಯಾಂಡ್ ದೊಡ್ಡದು, ಕೈಯಲ್ಲಿ ಎಳೆದರೆ ಕೇಬಲ್ ಜಾರುತ್ತದೆ. ಕುಂದಾಪುರಕ್ಕೆ ಹೋಗಿ ಸಣ್ಣದು ತಂದು ಹಾಕಿದೆ. ಬ್ರೀದರನ್ನೂ ತರಿಸಲು ಹೇಳಿದ್ದೇನೆ. ಮತ್ತೆ ಬಿಸಿಲಿಗಿಟ್ಟು ನೀರು ಹೊಡೆದು ಬಿಚ್ಚಿದಾಗ ಪೇಪರ್ ಪೂರ್ತಿ ಒಣಗಿತ್ತು. ತಮ್ಮ ಅದನ್ನು ಹಿಡಿದುಕೊಂಡು ಹೋಗಿ ಅಮ್ಮನಿಗೆ ತೋರಿಸಿದ.