ಜಾನಪದ ಲೋಕದಲ್ಲಿ ಮಕ್ಕಳಿಗೆ ಏನು ತೋರಿಸೋದು? ಕೊಳಗ, ಸೇರು, ಕಪಿಲೆ ಬಗ್ಗೆ ಗೊತ್ತಿರೋರು ಹೇಳಿ

ಹೈಸ್ಕೂಲ್ ಮೇಷ್ಟ್ರು:
ಒಂಬತ್ತನೇ ತರಗತಿ ಮಕ್ಕಳನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಬೇಕು. ಹೋದ ವರ್ಷದ ಮಕ್ಕಳು ತೊಗಲುಗೊಂಬೆಗಳ ಮುಂದೆ ಚೆನ್ನಾಗಿಯೇ ನಿಂತರು. ಹಳೇ ಮನೆ ಸಾಮಾನು ಇಟ್ಟಿರೋ ಲೋಕಮಾತಾ ಮಂದಿರದಲ್ಲಿ ಮಾತ್ರ ನಿಲ್ಲಲಿಲ್ಲ, ಓಡಿಬಿಟ್ಟರು. "ಇದೆಲ್ಲ ನಮ್ಮಜ್ಜಿ ಅಟ್ಟದ ಮೇಲಿದೆ ಸಾರ್" ಅಂದ ಒಬ್ಬ. ಅವನು ಹೇಳಿದ್ದೂ ನಿಜವೇ. ಕೊಳಗ, ಸೇರು, ಮೊರ, ಬೀಸುವ ಕಲ್ಲು ಇಟ್ಟುಕೊಂಡು ಒಂದು ಊರಿನ ಜನ ಹೇಗೆ ಬದುಕಿದರು ಅಂತ ಹೇಳೋದು ಹೇಗೆ? "ನಮ್ಮ ಹಿರಿಯರು ಎಷ್ಟು ಜಾಣರು" ಅನ್ನೋ ಭಾಷಣ ಬೇಡ. ಅದು ನನಗೂ ಸಾಕಾಗಿದೆ.

ರಜಾ ದಿನ:
ಕ್ವಿಜ್ ಮಾಡಿ ಸಾರ್. ವಸ್ತುವಿನ ಹೆಸರು ಹೇಳಿದವರಿಗೆ ಪೆನ್ನು.

ಕಣದ ಮನೆ:
ಹೆಸರು ಹೇಳಿ ಪೆನ್ನು ಗೆದ್ದು ಏನು ಬಂತು? ಮೇಷ್ಟ್ರೇ, ಎಲ್ಲ ತೋರಿಸೋಕೆ ಹೋಗಬೇಡಿ. ಕಾಳು ಅಳೆಯೋ ಕೊಳಗ ಒಂದನ್ನೇ ಹಿಡಿಯಿರಿ. ಇದು ಯಾರ ಕೈಯಲ್ಲಿತ್ತು, ಎದುರಿಗೆ ಚೀಲ ಒಡ್ಡಿಕೊಂಡು ನಿಂತವರು ಯಾರು ಅಂತ ಕೇಳಿ.

ನಾನು ಮಂಡ್ಯ ಕಡೆಯವಳು. ರಾಗಿ ಕಣದಲ್ಲಿ ಆಡಿಕೊಂಡು ಬೆಳೆದವಳು. ರಾಶಿ ಪೂಜೆ ಆದ ಮೇಲೆ ಅಳತೆ ಶುರು. ಮೊದಲನೇ ಕೊಳಗಕ್ಕೆ "ಲಾಭ" ಅಂತಾರೆ, ಆಮೇಲೆ ಎರಡು, ಮೂರು. 20 ಕೊಳಗ ಆದರೆ ಒಂದು ಖಂಡುಗ. ಆದರೆ ಹಿಂದಿನ ಕಾಲದಲ್ಲಿ ಅಳೆದದ್ದೆಲ್ಲ ರೈತನ ಮನೆಗೆ ಬರುತ್ತಿರಲಿಲ್ಲ. ಕಣದ ಸುತ್ತ ಆಯಗಾರರು, ಅಂದರೆ ಊರ ಕೆಲಸಕ್ಕೆ ಕಾಳಿನ ಪಾಲು (ಆಯ) ಪಡೆಯೋರು, ಕಾಯುತ್ತಿದ್ದರು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ಕೆರೆ ನೀರು ಬಿಡೋ ನೀರುಗಂಟಿ. ವರ್ಷವೆಲ್ಲ ನೇಗಿಲು ಸರಿಮಾಡಿದ್ದಕ್ಕೆ, ಬಟ್ಟೆ ಒಗೆದದ್ದಕ್ಕೆ ಕೂಲಿ ಅಂದರೆ ಆ ದಿನ ಸಿಗೋ ಕಾಳು. ಜಾನಪದ ಲೋಕದಲ್ಲಿ ಆಯಗಾರರ ಮಾಳ ಅಂತಲೇ ಒಂದು ಭಾಗ ಇದೆಯಲ್ಲ, ಅದರ ಹೆಸರು ಬಂದದ್ದೇ ಇದರಿಂದ. ಮೊದಲು ಕೊಳಗ ತೋರಿಸಿ ಆಮೇಲೆ ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಕೊಳಗದ ಬಾಯಿ ಮೇಲೆ ಕಾಳು ಗೋಪುರ ನಿಲ್ಲೋ ಹಾಗೆ ತುಂಬಬಹುದು. ಅಂಗೈಯಲ್ಲಿ ಸವರಿ ಮಟ್ಟ ಮಾಡಿಯೂ ಅಳೆಯಬಹುದು. ಎರಡೂ ಲೆಕ್ಕಕ್ಕೆ ಒಂದೇ ಕೊಳಗ! ಯಾರಿಗೆ ಗೋಪುರ, ಯಾರಿಗೆ ಸವರಿದ್ದು ಅನ್ನೋದು ಅಳೆಯುವವನ ಕೈಯಲ್ಲಿತ್ತು. ಒಂದು ಪಾತ್ರೆ, ಒಂದಿಷ್ಟು ರಾಗಿ, ಒಂದು ತಕ್ಕಡಿ ತೆಗೆದುಕೊಂಡು ಹೋಗಿ. ಎರಡು ರೀತಿಯಲ್ಲೂ ಅಳೆಸಿ, ತೂಗಿಸಿ. ವ್ಯತ್ಯಾಸ ಅವರೇ ನೋಡಲಿ.

ಸೇರಿನ ವಿಷಯ ಚಿಕ್ಕದು. ಸರ್ಕಾರಿ ತೂಕದ ಸೇರು ಅಂದರೆ 80 ತೊಲ, ಸುಮಾರು 933 ಗ್ರಾಂ. ಅಳತೆಯ ಸೇರು ಮಾತ್ರ ಊರಿಗೊಂದು ಥರ. ಸಂತೆಗೆ ಹೊರ ಊರಿನವನು ಬಂದರೆ ಮೊದಲು ಕೇಳುತ್ತಿದ್ದದ್ದೇ "ಯಾವ ಸೇರು?" ಅಂತ. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ, ಲೀಟರ್ ಬಂತು. ಹಳೇ ಸೇರು, ಪಾವುಗಳು ಅಟ್ಟ ಸೇರಿದ್ದು ಆಮೇಲೆ.

ಕರಾವಳಿಯವಳು:
ನಮ್ಮಲ್ಲಿ ಇದೇ ಕಥೆಯನ್ನು ಅಕ್ಕಿ ಮುಡಿ ಹೇಳುತ್ತದೆ. ಭತ್ತದ ಹುಲ್ಲಿನಿಂದ ಬಿಗಿದು ಕಟ್ಟಿದ ಉಂಡೆ. ನೋಡೋಕೆ ಎಷ್ಟು ಚೆಂದ ಅಂದರೆ ಈಗ ಹೋಟೆಲಿನವರೂ ಅಲಂಕಾರಕ್ಕೆ ಇಡುತ್ತಾರೆ. ಆದರೆ ಅದು ಗೇಣಿಯ ಲೆಕ್ಕ, ಅಂದರೆ ಧಣಿಗಳ ಜಮೀನು ಉಳೋದಕ್ಕೆ ಕೊಡೋ ಬಾಡಿಗೆ. ಒಕ್ಕಲು ಇಷ್ಟು ಮುಡಿ ಅಕ್ಕಿಯನ್ನು ಧಣಿಗಳ ಮನೆಗೆ ಹೊರಬೇಕಿತ್ತು, ಮಳೆ ಕೈಕೊಟ್ಟ ವರ್ಷವೂ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ 1974ರ ಮಾರ್ಚ್ 1ರಿಂದ ಗೇಣಿ ನಿಂತಿತು. ಉಳುತ್ತಿದ್ದ ಜಮೀನು ತಮಗೇ ಸಿಗಲಿ ಅಂತ ನಮ್ಮಜ್ಜ ಡಿಕ್ಲರೇಶನ್ ಅರ್ಜಿ ಹಾಕಿದವರು. ಮನೆಯಲ್ಲಿ ಮುಡಿ ಕಟ್ಟೋದು ಗೊತ್ತಿದ್ದ ಕೊನೆಯವರೂ ಅವರೇ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಮನೆ ಸಾಮಾನುಗಳ ದೊಡ್ಡ ಸಂಗ್ರಹ ಇದೆ. ಈ ಕಡೆ ಪ್ರವಾಸ ಬಂದರೆ ನೋಡಿಸಿ.

ಜೋಳದ ರೊಟ್ಟಿ:
ನಮ್ಮ ಧಾರವಾಡ ಕಡೆ ಹಗೇವು ಅಂತಿರುತ್ತದೆ, ನೆಲದೊಳಗಿನ ಕಣಜ. ಅದನ್ನ ಯಾವ ಮ್ಯೂಸಿಯಂನವರೂ ಎತ್ತಿಕೊಂಡು ಹೋಗೋಕಾಗಲ್ಲ ಬಿಡ್ರಿ. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ತಕ್ಷಣ ಒಳಗೆ ಇಳಿಯೋ ಹಾಗಿಲ್ಲ. ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದು ಸತ್ತವರಿದ್ದಾರೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸೋದು, ಅದು ಆರಿತೋ, ಕಾಯೋದು. ಸೈನ್ಸ್ ಮೇಷ್ಟ್ರನ್ನೂ ಜೊತೆಗೆ ಕರಕೊಂಡು ಹೋಗ್ರಿ.

ಹೈಸ್ಕೂಲ್ ಮೇಷ್ಟ್ರು:
ಗೋಪುರದ ಅಳತೆ ಖಂಡಿತ ಮಾಡಿಸುತ್ತೇನೆ. ಬಾವಿ ನೀರೆತ್ತೋ ಕಪಿಲೆ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಆಯಗಾರರು ಅಂದ ಕೂಡಲೇ ಜಾತಿ ಬರುತ್ತದೆ. ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಅಷ್ಟು ಭಾಗ ಬಿಟ್ಟುಬಿಡಲೇ?

ಕಣದ ಮನೆ:
ಬಿಟ್ಟರೆ ಉಳಿಯೋದು ಬರೀ ಪಾತ್ರೆ. ಕಪಿಲೆಯನ್ನೇ ನೋಡಿ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತವೆ, ಬಾವಿಯಿಂದ ತೊಗಲಿನ ಚೀಲ ತುಂಬಿ ಮೇಲೆ ಬರುತ್ತದೆ. ಮಕ್ಕಳಿಗೆ ರಾಟೆ ಇಷ್ಟ ಆಗುತ್ತದೆ. ಆದರೆ ಆ ತೊಗಲು ಹದ ಮಾಡಿದವರು, ಚೀಲ ಹೊಲಿದವರು, ಹರಿದಾಗ ತೇಪೆ ಹಾಕಿದವರು ಮಾದಿಗರು. ಅವರು ಹೊಲಿದ ಚೀಲ ದಿನವೆಲ್ಲ ಬಾವಿಯಲ್ಲಿ ಮುಳುಗಿ ಏಳುತ್ತಿತ್ತು. ಅವರು ಮಾತ್ರ ಎಷ್ಟೋ ಊರುಗಳಲ್ಲಿ ಬಾವಿ ಮುಟ್ಟೋ ಹಾಗಿರಲಿಲ್ಲ. ಇದನ್ನು ಹೇಳದೆ ಕಪಿಲೆ ತೋರಿಸಬಾರದು ಅಂತ ನನ್ನ ಹಟ.

ಹೇಳೋ ರೀತಿಯಲ್ಲಿ ಎಚ್ಚರ ಇರಲಿ. "ನಿಮ್ಮ ಮನೆಯವರು ಏನು ಮಾಡುತ್ತಿದ್ದರು" ಅಂತ ಯಾರ ಕೈಯನ್ನೂ ಎತ್ತಿಸಬೇಡಿ. ಕೆಲಸದ ಬಗ್ಗೆ ಮಾತಾಡಿ. ಚರ್ಮ ಹದ ಮಾಡೋಕೆ ಏನೆಲ್ಲ ಗೊತ್ತಿರಬೇಕು, ನೇಗಿಲಿನ ಗುಳ ಬಡಿಯೋಕೆ ಕಬ್ಬಿಣ ಎಷ್ಟು ಕಾಯಬೇಕು. ಈ ಏರ್ಪಾಡು ತಾನಾಗಿ ಕರಗಿಹೋಗಲಿಲ್ಲ ಅನ್ನೋದನ್ನೂ ಸೇರಿಸಿ. ಪಟೇಲಿಕೆ, ಶಾನುಭೋಗಿಕೆಯಂಥ ವಂಶದ ಹುದ್ದೆಗಳನ್ನು ತೆಗೆದದ್ದು 1961ರ ಕಾಯ್ದೆ, ಜಾರಿಗೆ ಬಂದದ್ದು 1963ರಲ್ಲಿ. ಹಾಗಾಗಿ ಹಳ್ಳಿಗಳಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡ ಮುದುಕರು ಇನ್ನೂ ಇದ್ದಾರೆ. ಅಂಥವರೊಬ್ಬರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ. ನನ್ನ ಕೇಳಿದರೆ ಅಳೆಸಿಕೊಂಡವರ ಮನೆಯವರೇ ಇರಲಿ, ಅಳೆದವರ ಕಥೆ ಎಲ್ಲರೂ ಹೇಳುತ್ತಾರೆ.

ಅಲ್ಲಿನ ವಸ್ತು ಮುಟ್ಟಿಸಬೇಡಿ, ಅಳೆಯೋದು ಹೊರಗೆ ನೆರಳಲ್ಲಿ ನಡೆಯಲಿ. ಕೆಳಗೆ ಚಾಪೆ ಹಾಸಿ, ರಾಗಿ ಚೆಲ್ಲಿದರೆ ಬಳಿಯೋಕಾಗಲ್ಲ.