ಹಿಮ್ಮಡಿಯ ಕಪ್ಪು ಮಚ್ಚೆ: ಡರ್ಮೋಸ್ಕೋಪ್‌ನಲ್ಲಿ ಬಣ್ಣ ರಿಡ್ಜ್ ಮೇಲೋ, ಫರೋ ಒಳಗೋ?

ಚಳ್ಳಕೆರೆ_ಪಿಎಚ್‌ಸಿ:
ನಮ್ಮ ಕೇಂದ್ರದಲ್ಲಿ ಕೈಯಲ್ಲಿ ಹಿಡಿಯುವ ಡರ್ಮೋಸ್ಕೋಪ್ (ಚರ್ಮ ನೋಡುವ ಬೆಳಕಿನ ಭೂತಗನ್ನಡಿ) ಇದೆ. 10 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಪೋಲರೈಸ್ಡ್ ಮತ್ತು ನಾನ್-ಪೋಲರೈಸ್ಡ್ ಬೆಳಕು ಎರಡೂ ಇವೆ. ಅರವತ್ತು ದಾಟಿದ ರೈತರೊಬ್ಬರ ಹಿಮ್ಮಡಿಯಲ್ಲಿ ಸುಮಾರು 9 ಮಿ.ಮೀ. ಕಪ್ಪು ಮಚ್ಚೆ. ನೋವಿಲ್ಲ. ಜಾಲಿಮುಳ್ಳು ಮುರಿದದ್ದು ಅಂತಾರೆ. ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣುತ್ತೆ, ಆದರೆ ಪಟ್ಟೆ ಇರೋದು ರಿಡ್ಜ್ (ಅಂಗಾಲಿನ ಚರ್ಮದ ಉಬ್ಬುಗೆರೆ) ಮೇಲೋ ಫರೋ (ಉಬ್ಬುಗಳ ನಡುವಿನ ತಗ್ಗುಗೆರೆ) ಒಳಗೋ ಹೇಳೋಕಾಗ್ತಿಲ್ಲ. ರಿಡ್ಜ್ ಮೇಲಿದ್ದರೆ ಮೆಲನೋಮಾ (ಚರ್ಮದ ಕ್ಯಾನ್ಸರ್) ಅನುಮಾನ, ಫರೋ ಒಳಗಿದ್ದರೆ ಸಾಮಾನ್ಯವಾಗಿ ನಿರಪಾಯ. ಖಚಿತ ಮಾಡಿಕೊಳ್ಳೋದು ಹೇಗೆ? ಕತ್ತರಿಸಬೇಡಿ ಅಂತ ಮನೆಯವರು ಹಟ ಹಿಡಿದಿದ್ದಾರೆ. ಬಯಾಪ್ಸಿ ಬದಲು ಆಗುವಂಥ ಸ್ಕ್ಯಾನ್ ಏನಾದರೂ ಇದೆಯಾ?

ಚರ್ಮವೈದ್ಯ_ದಾವಣಗೆರೆ:
ಮೊದಲು ಕಾಲು ತೊಳೆಸಿ ಡಾಕ್ಟ್ರೇ. ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ನೆನೆಸಿ, ಸೋಪು ಹಚ್ಚಿ ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು. ನಿಮ್ಮ ಕಡೆಯ ಎರೆಮಣ್ಣು ಫರೋಗಳಲ್ಲಿ ಕೂತರೆ ನಿರಪಾಯದ ಪ್ಯಾಟರ್ನ್ ಇದ್ದ ಹಾಗೇ ಕಾಣುತ್ತೆ, ಕೆಳಗಿರುವ ನಿಜವಾದ ಬಣ್ಣ ಮುಚ್ಚಿಹೋಗುತ್ತೆ. ಅಂಗೈಯಲ್ಲಿ ಹೇರ್ ಡೈ ಕಲೆ ಇದಕ್ಕೆ ತದ್ವಿರುದ್ಧ, ರಿಡ್ಜ್ ಮೇಲೆ ಹಿಡಿದುಕೊಂಡು ಮೆಲನೋಮಾ ಅನ್ನಿಸಿಬಿಡುತ್ತೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವವರ ಕೈ ನೋಡುವಾಗ ಚೊಗರಿನ ಕಲೆಯೂ ತಲೆಯಲ್ಲಿರಲಿ. ಹೊರಗಿಂದ ಬಂದ ಬಣ್ಣ ಮೇಲಿನ ಸತ್ತ ಪದರದಲ್ಲೇ ಇರುತ್ತೆ, 15ನೇ ನಂಬರ್ ಬ್ಲೇಡಲ್ಲಿ ತೆಳ್ಳಗೆ ಹೆರೆದರೆ ಹೋಗುತ್ತೆ. ಪದರದ ಕೆಳಗೆ ಹೆಪ್ಪುಗಟ್ಟಿದ ರಕ್ತವೂ ಹಾಗೇ, ಕೆಂಗಪ್ಪು ಉಂಡೆಗಳಾಗಿ ಕಂಡು ಹೆರೆದಾಗ ಉದುರುತ್ತೆ. ರಕ್ತ ಹೋದ ಮೇಲೂ ಕೆಳಗೆ ಬಣ್ಣ ಉಳಿದಿದೆಯಾ ಅಂತ ಮತ್ತೆ ಡರ್ಮೋಸ್ಕೋಪ್ ಇಡಲೇಬೇಕು, ಯಾಕಂದ್ರೆ ಮೆಲನೋಮಾದಲ್ಲೂ ರಕ್ತ ಒಸರಬಹುದು.

ಈಗ ರಿಡ್ಜ್ ಗುರುತು. ಬೆವರಿನ ರಂಧ್ರಗಳು ತೆರೆದುಕೊಳ್ಳೋದು ರಿಡ್ಜ್ ಮೇಲೆ ಮಾತ್ರ. ದಿಂಡು ಏರಿಸಿದ ಮೆಕ್ಕೆಜೋಳದ ಹೊಲದಲ್ಲಿ ಗಿಡಗಳು ನಿಂತ ಹಾಗೆ ಬಿಳಿ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಚುಕ್ಕೆ ಇರುವ ಪಟ್ಟೆಯೇ ಬಣ್ಣದ ಪಟ್ಟೆಯಾಗಿದ್ದರೆ ಅದು ಪ್ಯಾರಲಲ್ ರಿಡ್ಜ್. ಚುಕ್ಕೆ ಕಾಣದಿದ್ದರೆ ಇಂಕ್ ಪರೀಕ್ಷೆ ಮಾಡಿ: ಮಚ್ಚೆ ದಾಟಿ ಪಕ್ಕದ ಚರ್ಮದವರೆಗೂ ಫೌಂಟನ್ ಪೆನ್ ಇಂಕ್ ಸವರಿ, ಒಣ ಟಿಶ್ಯೂನಲ್ಲಿ ಒಂದೇ ಸಲ ಒರೆಸಿ. ಇಂಕ್ ಫರೋದಲ್ಲಿ ಉಳಿಯುತ್ತೆ. ಪರ್ಮನೆಂಟ್ ಮಾರ್ಕರ್ ಬೇಡ, ಅದು ರಿಡ್ಜನ್ನೂ ಬಿಡಲ್ಲ. ಆಮೇಲೆ ಸ್ಪಿರಿಟ್ ಹಾಕಿದರೆ ಇಂಕೇ ಕರಗುತ್ತೆ, ಆದ್ದರಿಂದ ಪೋಲರೈಸ್ಡ್ ಬೆಳಕಲ್ಲಿ ಚರ್ಮಕ್ಕೆ ತಾಗಿಸದೆ ನೋಡಿ.

ನಾನ್-ಪೋಲರೈಸ್ಡ್‌ಗೆ ಮಾತ್ರ ಗಾಜು ತಾಗಲೇಬೇಕು, ನಡುವೆ ದ್ರವವೂ ಬೇಕು. 70% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಗುಳ್ಳೆ ಕಡಿಮೆ. ಉಗುರಿಗಾದರೆ ಅಲ್ಟ್ರಾಸೌಂಡ್ ಜೆಲ್ಲೇ ಸರಿ, ಜಾರಿ ಹೋಗಲ್ಲ. ಗಾಜನ್ನು ಒತ್ತಬೇಡಿ, ಒತ್ತಿದರೆ ರಕ್ತನಾಳಗಳು ಬಿಳಿಚಿಕೊಂಡು ಮಾಯವಾಗುತ್ತವೆ.

ಹಿಮ್ಮಡಿಯಲ್ಲಿ ಇನ್ನೊಂದು ತೊಡಕಿದೆ. ಮೈಭಾರಕ್ಕೆ ಸತ್ತ ಪದರ ಓರೆಯಾಗಿ, ಫರೋದ ಬಣ್ಣವೇ ಅಡ್ಡಗೆರೆಗಳಾಗಿ ಹರಡಿದಂತೆ ಕಾಣುತ್ತೆ. ಡರ್ಮೋಸ್ಕೋಪನ್ನು ಓರೆ ಹಿಡಿದು ನೋಡಿ, ಗೆರೆಗಳು ಕೂಡಿ ಫರೋ ಪ್ಯಾಟರ್ನ್ ಆದರೆ ಅದು ನಿರಪಾಯದ್ದು.

ಜಪಾನಿನ ಸಾಯಿಡಾ ಅವರ ತಂಡ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಂಗೈ-ಅಂಗಾಲಿನ ಮೆಲನೋಮಾಕ್ಕೆ ರಿಡ್ಜ್ ಪ್ಯಾಟರ್ನ್‌ನ ಸ್ಪೆಸಿಫಿಸಿಟಿ 99% (ಮೆಲನೋಮಾ ಅಲ್ಲದ ನೂರು ಮಚ್ಚೆಗಳಲ್ಲಿ 99ರಲ್ಲಿ ಇದು ಇರಲ್ಲ), ಸೆನ್ಸಿಟಿವಿಟಿ 86% (ನೂರು ಮೆಲನೋಮಾಗಳಲ್ಲಿ 86ರಲ್ಲಿ ಇರುತ್ತೆ). ಆದರೆ ಕಪ್ಪು ಮೈಬಣ್ಣದವರಲ್ಲಿ ಎರಡೂ ಅಂಗಾಲಲ್ಲಿ ಹಲವು ಕಡೆ ತಿಳಿಕಂದು ಬಣ್ಣ ಸಹಜವಾಗಿಯೇ ರಿಡ್ಜ್ ಮೇಲೆ ಇರಬಹುದು. ಇನ್ನೊಂದು ಕಾಲನ್ನೂ ನೋಡದೆ ತೀರ್ಮಾನಕ್ಕೆ ಬರಬೇಡಿ. ಒಂದೇ ಮಚ್ಚೆ, ಕಡುಬಣ್ಣ, ರಿಡ್ಜ್ ಮೇಲೆ ಅಂದ್ರೆ ಗಾತ್ರ ಎಷ್ಟೇ ಇರಲಿ ಬಯಾಪ್ಸಿ. ಸ್ಪಷ್ಟ ಫರೋ ಪ್ಯಾಟರ್ನ್ ಆದರೆ ಬಿಡಬಹುದು. ಎರಡೂ ಅಲ್ಲ ಅಂತಿದ್ದರೆ 7 ಮಿ.ಮೀ. ದಾಟಿದ್ದಕ್ಕೆ ಬಯಾಪ್ಸಿ. ನಿಮ್ಮದು 9, ಹಾಗಾಗಿ ಸ್ಪಷ್ಟವಾದ ಫರೋ ಪ್ಯಾಟರ್ನ್ ಸಿಗದಿದ್ದರೆ ಕಳಿಸಿಬಿಡಿ.

ಸ್ಕ್ಯಾನ್‌ರೂಮ್_ದುರ್ಗ:
ಸ್ಕ್ಯಾನ್ ಬಗ್ಗೆ ಕೇಳಿದ್ರಲ್ಲ. ಕಾನ್‌ಫೋಕಲ್ ಮೈಕ್ರೊಸ್ಕೋಪ್ 830 ನ್ಯಾನೊಮೀಟರ್ ಲೇಸರ್‌ನಲ್ಲಿ ಜೀವಕೋಶದವರೆಗೂ ತೋರಿಸುತ್ತೆ, ಮುಖದ ಮಚ್ಚೆಗೆ ತುಂಬಾ ಒಳ್ಳೇದು. ಆದರೆ ಅದು ಇಳಿಯೋದು 200ರಿಂದ 250 ಮೈಕ್ರಾನ್ ಮಾತ್ರ. ಬರಿಗಾಲಲ್ಲಿ ನಡೆದವರ ಹಿಮ್ಮಡಿಯ ಸತ್ತ ಪದರವೇ ಅದಕ್ಕಿಂತ ದಪ್ಪ ಇರುತ್ತೆ, ಮೆಲನೋಸೈಟ್ (ಬಣ್ಣ ತಯಾರಿಸುವ ಕೋಶ) ಇರುವ ಪದರ ತಲುಪೋದೇ ಇಲ್ಲ. ಒಸಿಟಿ (ಬೆಳಕಿನಿಂದ ಚರ್ಮದ ಪದರಗಳನ್ನು ತೋರಿಸುವ ಸ್ಕ್ಯಾನ್) 1ರಿಂದ 2 ಮಿ.ಮೀ. ಇಳಿಯುತ್ತೆ, ಆದರೆ ಕೋಶಗಳ ರೂಪ ಬಿಡಿಸಿ ತೋರಿಸಲ್ಲ. ಹೈ-ಫ್ರೀಕ್ವೆನ್ಸಿ ಅಲ್ಟ್ರಾಸೌಂಡ್ ಗಡ್ಡೆಯ ದಪ್ಪ ಅಳೆಯುತ್ತೆ, ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲ್ಲ. ಇವಕ್ಕಾಗಿ ಅವರನ್ನು ಬೆಂಗಳೂರಿಗೆ ಓಡಾಡಿಸಬೇಡಿ, ಉತ್ತರ ಸಿಗಲ್ಲ, ದಿನ ಹೋಗುತ್ತೆ.

ಮುಳ್ಳಿನ ಪ್ರಶ್ನೆಗೆ ಮಾತ್ರ ಮಾಮೂಲಿ ಸ್ಕ್ಯಾನೇ ಸಾಕು. 10ರಿಂದ 15 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬ್, ಜೆಲ್ ದಪ್ಪಗೆ. ಮುಳ್ಳು ಬೆಳ್ಳನೆ ಗೆರೆಯಾಗಿ, ಹಿಂದೆ ನೆರಳು ಬಿಟ್ಟು ಕಾಣುತ್ತೆ. ಉದ್ದ, ಅಡ್ಡ ಎರಡು ದಿಕ್ಕಲ್ಲೂ ನೋಡಬೇಕು, ಒಂದೇ ದಿಕ್ಕಲ್ಲಿ ತಪ್ಪಿಹೋಗುತ್ತೆ. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣಲ್ಲ.

ಪೆಥಾಲಜಿ_ಬೆಂಚ್:
ಒಂದು ವಿನಂತಿ. ಮಾದರಿ ತೆಗೆಯುವವರಿಗೆ ಪತ್ರದಲ್ಲೇ ಬರೆದು ಕಳಿಸಿ: ಸಾಧ್ಯವಾದರೆ ಮಚ್ಚೆ ಪೂರ್ತಿ, ಸುತ್ತ 1ರಿಂದ 3 ಮಿ.ಮೀ. ಬಿಟ್ಟು, ಕೊಬ್ಬಿನ ಪದರದವರೆಗೆ. ಆಗದಿದ್ದರೆ ಡರ್ಮೋಸ್ಕೋಪ್‌ನಲ್ಲಿ ಅತಿ ಕೆಟ್ಟದಾಗಿ ಕಂಡ ಜಾಗದಿಂದ. ನಮ್ಮ ಬೆಂಚಲ್ಲಿ ಅದನ್ನು ಅಂಗಾಲಿನ ಗೆರೆಗಳಿಗೆ ಅಡ್ಡಲಾಗಿ ಕೊಯ್ಯಬೇಕು. ಆಗ ಮಾತ್ರ ರಿಡ್ಜ್ ಕೆಳಗೆ ಏನಿದೆ, ಫರೋ ಕೆಳಗೆ ಏನಿದೆ ಅಂತ ಬೇರೆ ಬೇರೆ ಕಾಣುತ್ತೆ. ಆದ್ದರಿಂದ ಗೆರೆ ಯಾವ ದಿಕ್ಕಿಗಿತ್ತು ಅಂತ ತುಂಡಿನ ಒಂದು ತುದಿಗೆ ಹೊಲಿಗೆ ಹಾಕಿ ಗುರುತು ಮಾಡಲಿ. 10% ಫಾರ್ಮಲಿನ್, ತುಂಡಿನ ಹತ್ತು ಪಟ್ಟು. ಡರ್ಮೋಸ್ಕೋಪ್ ಫೋಟೊ ಜೊತೆಗೆ ಬಂದರೆ ನಮಗೆ ದೊಡ್ಡ ಉಪಕಾರ.

ಆಣಿ ಅಂತ ಕಾರ್ನ್ ಕ್ಯಾಪ್ ಅಂಟಿಸೋದು, ಕಾಟರಿಯಲ್ಲಿ ಸುಡೋದು ಎಲ್ಲೂ ಆಗದಂತೆ ನೋಡಿಕೊಳ್ಳಿ. ಸುಟ್ಟ ತುಂಡಲ್ಲಿ ಗಡ್ಡೆಯ ದಪ್ಪ ಅಳೆಯೋಕಾಗಲ್ಲ, ಮುಂದಿನ ಶಸ್ತ್ರಚಿಕಿತ್ಸೆಯ ಅಳತೆ ನಿಂತಿರೋದೇ ಆ ದಪ್ಪದ ಮೇಲೆ.

ಚಳ್ಳಕೆರೆ_ಪಿಎಚ್‌ಸಿ:
ತೊಳೆದು ಇಂಕ್ ಹಚ್ಚಿ ನೋಡಿದೆ. ಇಂಕ್ ಒಂದು ಕಡೆ, ಬಣ್ಣ ಅದರ ಪಕ್ಕದ ಪಟ್ಟೆಯಲ್ಲಿ. ಬಿಳಿ ಚುಕ್ಕೆಗಳೂ ಬಣ್ಣದ ಪಟ್ಟೆಯಲ್ಲೇ ಇವೆ. ಹೆರೆದರೂ ಹೋಗಲಿಲ್ಲ, ಇನ್ನೊಂದು ಅಂಗಾಲಲ್ಲಿ ಏನೂ ಇಲ್ಲ. ಫೋಟೊ ಹೇಗೆ ಕಳಿಸಲಿ?

ಚರ್ಮವೈದ್ಯ_ದಾವಣಗೆರೆ:
ಹಾಗಾದರೆ ಈ ವಾರವೇ ಕಳಿಸಿ. ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ, ಸರ್ಜರಿ, ಪೆಥಾಲಜಿ ಮೂರೂ ಸಿಗುತ್ತವೆ. ಕಳಿಸೋ ಮುಂಚೆ ತೊಡೆಸಂದಿ ಮತ್ತು ಮಂಡಿಯ ಹಿಂಭಾಗದಲ್ಲಿ ಗಂಟು ಇದೆಯಾ ಮುಟ್ಟಿ ನೋಡಿ, ಪತ್ರದಲ್ಲಿ ಬರೆಯಿರಿ. ಮನೆಯವರಿಗೆ ನೇರವಾಗಿ ಹೇಳಿ: ಈಗ ತೆಗೆಯೋದು ಪರೀಕ್ಷೆಗೆ ಬೇಕಾದ ಸಣ್ಣ ತುಂಡು, ಮರಗಟ್ಟಿಸಿ ತೆಗೀತಾರೆ, ಕಾಲು ಕತ್ತರಿಸೋದಲ್ಲ. ಹೆಚ್ಚಿನವರು ಹೆದರೋದು ಕಾಲು ಹೋಗುತ್ತೆ ಅಂತಲೇ.

ಫೋಟೊ ಮೂರು ಬೇಕು: ಇಡೀ ಅಂಗಾಲು, ಸ್ಕೇಲ್ ಪಕ್ಕ ಇಟ್ಟ ಮಚ್ಚೆ, ಡರ್ಮೋಸ್ಕೋಪ್‌ನದ್ದು. ಫೋನ್ ಫ್ಲಾಶ್ ಆಫ್. ಮಚ್ಚೆಯೇ ಪರದೆ ತುಂಬಿದಾಗ ಫೋನ್ ತಾನಾಗೇ ಬೆಳಕು ಏರಿಸಿ ಕಪ್ಪನ್ನು ಬೂದು ಮಾಡುತ್ತೆ, ಅದಕ್ಕೆ ಪಕ್ಕದ ಚರ್ಮದ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಲಾಕ್ ಮಾಡಿ. ಅವರ ಒಪ್ಪಿಗೆ ತಗೊಳ್ಳಿ, ಮುಖ-ಹೆಸರು ಬೇಡ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಹಾಕಿ, ಫೋಟೊ ಆಗಿ ಹಾಕಿದರೆ ಬೆವರಿನ ಚುಕ್ಕೆಗಳೇ ಅಳಿಸಿಹೋಗುತ್ತವೆ.