‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’: ಎರಡನೆಯ ಭಾಗ ಮೊದಲನೆಯದರ ಎದುರು ನಿಲ್ಲುತ್ತದೆಯೇ?

ಪ್ರಶ್ನೆ: ಮಹಡಿ ಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಸೇರಿ ಹಳೆಯ ಚಿತ್ರವೊಂದನ್ನು ನೋಡಿ, ಅದರ ಬಗ್ಗೆ ತಡರಾತ್ರಿಯವರೆಗೂ ಮಾತಾಡುತ್ತೇವೆ. ಕಳೆದ ತಿಂಗಳು ಟೋಬಿ ಹೂಪರ್ ನಿರ್ದೇಶಿಸಿದ 1974ರ ‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಎಂಬ ಅಮೆರಿಕದ ಭಯಾನಕ ಚಿತ್ರ ನೋಡಿದೆವು. ಹಳ್ಳಿಗಾಡಿನ ಕೊಲೆಗಾರ ಕುಟುಂಬವೊಂದರ ಕೈಗೆ ಸಿಕ್ಕ ತರುಣ ತರುಣಿಯರ ಕಥೆ ಅದು. ಮುಗಿದ ಮೇಲೆ ಯಾರೂ ಸ್ವಲ್ಪ ಹೊತ್ತು ಬಾಯಿ ಬಿಡಲಿಲ್ಲ. ಈ ತಿಂಗಳು ಅದೇ ನಿರ್ದೇಶಕ 1986ರಲ್ಲಿ ಮಾಡಿದ ಎರಡನೆಯ ಭಾಗವನ್ನು ಹಾಕಬೇಕೆಂದು ಗೆಳೆಯರು ಪಟ್ಟು ಹಿಡಿದಿದ್ದಾರೆ. ನಾನು ಅದನ್ನು ಒಬ್ಬನೇ ನೋಡಿ ಮುಗಿಸಿದ್ದೇನೆ, ಮತ್ತು ನನಗೆ ನಿಜಕ್ಕೂ ಬೇಸರವಾಗಿದೆ.

ಮೊದಲ ಚಿತ್ರದಲ್ಲಿ ರಕ್ತ ಎಷ್ಟು ಕಡಿಮೆ ಎಂಬುದನ್ನು ಗಮನಿಸಿ. ಪೆಟ್ರೋಲು ಸಿಗಬಹುದೆಂದು ಹುಡುಗನೊಬ್ಬ ಒಂಟಿ ಮನೆಯ ಒಳಗೆ ಕಾಲಿಡುತ್ತಾನೆ. ಚರ್ಮದ ಮುಖವಾಡದ ದೈತ್ಯ ಎದುರಾಗಿ ಸುತ್ತಿಗೆಯಿಂದ ತಲೆಗೆ ಹೊಡೆಯುತ್ತಾನೆ, ಬಿದ್ದವನ ಕಾಲುಗಳು ಒದ್ದಾಡುತ್ತವೆ, ಅವನನ್ನು ಒಳಗೆಳೆದುಕೊಂಡು ಲೋಹದ ಬಾಗಿಲನ್ನು ದಢಾರನೆ ಮುಚ್ಚಲಾಗುತ್ತದೆ. ಅಷ್ಟೇ. ಹಿನ್ನೆಲೆ ಸಂಗೀತದ ಸೂಚನೆಯಿಲ್ಲ, ಮುಖದ ಸಮೀಪಚಿತ್ರವಿಲ್ಲ. ಮುಂದೆ ಹುಡುಗಿಯನ್ನು ಮಾಂಸ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸುವಾಗಲೂ ಕೊಕ್ಕೆ ಮೈಗೆ ಇಳಿಯುವುದನ್ನು ತೋರಿಸುವುದಿಲ್ಲ. ಆದರೂ ಅದನ್ನು ಕಣ್ಣಾರೆ ಕಂಡೆವೆಂದು ನಮ್ಮ ಗುಂಪಿನಲ್ಲಿ ಒಂದಿಬ್ಬರು ವಾದಿಸಿದರು. ಎರಡನೆಯ ಭಾಗದಲ್ಲಾದರೋ ಸೇತುವೆಯ ಮೇಲೆ ಓಡುವ ಕಾರಿನಲ್ಲಿ ತರುಣನ ಅರ್ಧ ತಲೆ ಕತ್ತರಿಸಿ ಹೋಗುವುದನ್ನು ಆರಂಭದಲ್ಲಿಯೇ ತೋರಿಸಿಬಿಡುತ್ತಾರೆ. ಇಷ್ಟೊಂದು ತೋರಿಸಿದ ಮೇಲೆ ಹೆದರಿಕೆಗೆ ಜಾಗವೆಲ್ಲಿ ಉಳಿಯುತ್ತದೆ? ಒಬ್ಬನೇ ನಿರ್ದೇಶಕ ಹನ್ನೆರಡು ವರ್ಷಗಳಲ್ಲಿ ತನ್ನದೇ ಚಿತ್ರದ ಗುಟ್ಟನ್ನು ಮರೆತುಬಿಟ್ಟನೇ, ಅಥವಾ ನಾನು ಅದನ್ನು ಬೇರೆ ರೀತಿಯಲ್ಲಿ ನೋಡಬೇಕಿತ್ತೇ? ತಿಳಿದವರು ಹೇಳಿ.

ಉತ್ತರ: ಬಣ್ಣದ ಪೆಟ್ಟಿಗೆ, ಗುಬ್ಬಿ

ಅಣ್ಣ, ಹೂಪರ್ ಮರೆಯಲಿಲ್ಲ, ಬೇಕೆಂದೇ ದಾರಿ ಬದಲಿಸಿದರು. ಮೊದಲ ಚಿತ್ರದ ಒಳಗಿದ್ದ ಕರಾಳ ಹಾಸ್ಯವನ್ನು ಜನ ಗುರುತಿಸಲೇ ಇಲ್ಲವೆಂಬ ಕೊರಗು ಅವರಿಗಿತ್ತು. ಆದ್ದರಿಂದ ಎರಡನೆಯದರಲ್ಲಿ ಹಾಸ್ಯವನ್ನು ಮೇಲಕ್ಕೆ ತಂದರು. ಹಣ ಹಾಕಿದ ಕ್ಯಾನನ್ ಸಂಸ್ಥೆಯವರಿಗೆ ಬೇಕಾಗಿದ್ದದ್ದು ಇನ್ನೊಂದು ಹೆದರಿಸುವ ಚಿತ್ರ, ಕೈಗೆ ಬಂದದ್ದು ಇದು. ಮೊದಲನೆಯದರಲ್ಲಿ ರಕ್ತ ಕಡಿಮೆಯಾಗಿದ್ದಕ್ಕೂ ಒಂದು ಲೌಕಿಕ ಕಾರಣವಿದೆ. ಚಿಕ್ಕವರೂ ನೋಡಬಹುದಾದ ‘ಪಿ.ಜಿ.’ ಪ್ರಮಾಣಪತ್ರ ಸಿಗಬಹುದೆಂಬ ಆಸೆಯಿಂದ ಅವರು ರಕ್ತವನ್ನು ಹಿಡಿದು ಬಳಸಿದ್ದರು. ಪ್ರಮಾಣಪತ್ರವೇನೋ ಸಿಗಲಿಲ್ಲ, ಚಿತ್ರ ಮಾತ್ರ ಆ ಹಿಡಿತದಿಂದಲೇ ಗಟ್ಟಿಯಾಯಿತು.

ನಾನು ನಮ್ಮ ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಮೇಕಪ್ಪು ಮಾಡುವವನು. ‘ಕುರುಕ್ಷೇತ್ರ’ದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವ ಸೀನು ಬಂದಾಗ ನಾವು ಬಳಸುವುದು ಕುಂಕುಮ ಕಲಸಿದ ನೀರು ಮತ್ತು ಒಂದು ತುಂಡು ಕೆಂಪು ಬಟ್ಟೆ. ಬೆಳಗಿನ ಜಾವದಲ್ಲಿ ಕುಳಿತಿರುವ ಜನಕ್ಕೆ ಅಷ್ಟೇ ಸಾಕು, ಏಕೆಂದರೆ ಆ ಎದೆ ಸೀಳುವುದಕ್ಕೆ ಕಾರಣವಾದ ಸೀರೆ ಎಳೆದ ಸೀನನ್ನು ಅವರು ಅದೇ ರಾತ್ರಿ ನೋಡಿರುತ್ತಾರೆ. ಹೀಗಾಗಿ ರಕ್ತ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ಅದು ಯಾರ ರಕ್ತ ಮತ್ತು ಅದಕ್ಕೆ ಮೊದಲು ನಮಗೆ ಏನು ಗೊತ್ತು ಎಂಬುದನ್ನು ನಾನು ನೋಡುತ್ತೇನೆ.

ಆ ಕಣ್ಣಿನಿಂದ ನೋಡಿದರೆ ಎರಡನೆಯ ಭಾಗದ ಕೈಕೆಲಸ ಅಸಾಮಾನ್ಯವಾದದ್ದು. ಅದರ ಮೇಕಪ್ಪು ಟಾಮ್ ಸವೀನಿಯವರದು. ಅವರು ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ಛಾಯಾಗ್ರಾಹಕರಾಗಿ ನಿಜವಾದ ಹೆಣಗಳನ್ನು ಹತ್ತಿರದಿಂದ ಕಂಡವರು. ಚಿತ್ರದಲ್ಲಿ ಕೊಲೆಗಾರ ಕುಟುಂಬದ ಚಾಪ್ ಟಾಪ್ ಎಂಬ ಪಾತ್ರವೂ ವಿಯೆಟ್ನಾಂನಿಂದ ತಲೆಗೆ ಲೋಹದ ತಗಡು ಹಾಕಿಸಿಕೊಂಡು ಬಂದವನೇ. ಅವನು ಬಟ್ಟೆ ನೇತುಹಾಕುವ ತಂತಿಯನ್ನು ಬೆಂಕಿಯಲ್ಲಿ ಕಾಯಿಸಿ, ತಗಡಿನ ಅಂಚಿನ ಚರ್ಮವನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾನಲ್ಲ, ಆ ಅಂಚನ್ನೇ ನಿಲ್ಲಿಸಿ ನೋಡಿ. ತಗಡು ಮತ್ತು ಚರ್ಮ ಕೂಡುವ ಕಡೆ ಬಣ್ಣ ಒಂದೇ ಸಮನಾಗಿಲ್ಲ. ಹಳೆಯ ಗಾಯ, ಹಸಿ ಗಾಯ, ಒಣಗಿದ ಹೆಕ್ಕಳೆ ಬೇರೆ ಬೇರೆಯಾಗಿ ಕಾಣುತ್ತವೆ. ಹೊಟ್ಟೆಪಾಡಿಗೆ ಬಣ್ಣ ಹಚ್ಚುವ ನನಗೆ ಅದನ್ನು ಸುಮ್ಮನೆ ಹೊಲಸು ಎಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಉತ್ತರ: ಗದಾಯುದ್ಧ ಓದುಗಿ, ಕೋಲಾರ

ಗುಬ್ಬಿಯ ಸಹೋದರರ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ. ನಮ್ಮ ಸಾಹಿತ್ಯಕ್ಕೆ ಬೀಭತ್ಸವೇನೂ ಹೊಸದಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ರಾಶಿಯ ನಡುವೆ ದಾರಿ ಮಾಡಿಕೊಂಡು ಹೋಗುವ ಭಾಗವನ್ನು ಓದಿದವರಿಗೆ ರಕ್ತ, ಕರುಳು, ಮರುಳುಗಳ (ಪಿಶಾಚಿಗಳ) ವರ್ಣನೆ ಎಷ್ಟು ದಟ್ಟವಾಗಿರಬಲ್ಲದು ಎಂದು ಹೇಳಬೇಕಾಗಿಲ್ಲ. ಆದರೆ ಆ ನಡಿಗೆ ದುಶ್ಶಾಸನನ ಶವದ ಮುಂದೆ, ಕರ್ಣನ ಶವದ ಮುಂದೆ ನಿಲ್ಲುತ್ತದೆ, ಮತ್ತು ಅಲ್ಲಿಯವರೆಗೆ ಜುಗುಪ್ಸೆಯಾಗಿದ್ದದ್ದು ಶೋಕವಾಗುತ್ತದೆ. ರಕ್ತವನ್ನು ಧಾರಾಳವಾಗಿ ತೋರಿಸುವ ಕೃತಿಯಿಂದ ನಾನು ಕೇಳುವುದು ಇದನ್ನೇ: ಒಂದು ಕಡೆಯಾದರೂ ಅದು ಒಬ್ಬ ಗುರುತಿನ ಮನುಷ್ಯನ ಮುಂದೆ ನಿಲ್ಲುತ್ತದೆಯೇ?

ಎರಡನೆಯ ಭಾಗ ಒಂದು ಕಡೆ ಖಂಡಿತವಾಗಿ ನಿಲ್ಲುತ್ತದೆ, ಮತ್ತು ಅದರ ಬಗ್ಗೆ ಬರೆಯುವವರು ಕಡಿಮೆ. ಕಥಾನಾಯಕಿ ಸ್ಟ್ರೆಚ್ ರೇಡಿಯೋ ಕೇಂದ್ರವೊಂದರ ನಿರೂಪಕಿ. ಅವಳ ಜೊತೆ ಕೆಲಸ ಮಾಡುವ ಎಲ್.ಜಿ. ಎಂಬ ಒರಟು ಮನುಷ್ಯನಿಗೆ ಅವಳ ಮೇಲೆ ಬಾಯಿ ಬಿಟ್ಟು ಹೇಳಲಾಗದ ಪ್ರೀತಿ. ಕೊಲೆಗಾರರು ಕೇಂದ್ರದಲ್ಲಿ ಅವನನ್ನು ಸುತ್ತಿಗೆಯಿಂದ ಜಜ್ಜಿ, ನೆಲದಡಿಯ ತಮ್ಮ ಬಿಲಕ್ಕೆ ಹೊತ್ತೊಯ್ದು, ಅಲ್ಲಿ ಅವನ ಮುಖದ ಚರ್ಮವನ್ನು ಸುಲಿದು ಸ್ಟ್ರೆಚ್‌ಳ ಮುಖಕ್ಕೇ ಹೊದಿಸುತ್ತಾರೆ. ಇದಕ್ಕಿಂತ ಅಸಹ್ಯವಾದ ಕಲ್ಪನೆ ಇನ್ನೊಂದಿರಲಾರದು. ಆದರೆ ಸತ್ತನೆಂದುಕೊಂಡ ಎಲ್.ಜಿ. ಚರ್ಮವಿಲ್ಲದ ಮೈಯಲ್ಲಿಯೇ ಎದ್ದುಬರುತ್ತಾನೆ, ಅವಳ ಕಟ್ಟುಗಳನ್ನು ಬಿಡಿಸುತ್ತಾನೆ, ಬಿಡಿಸಿ ಸಾಯುತ್ತಾನೆ. ಆ ಕೆಲವು ನಿಮಿಷ ಸವೀನಿಯವರ ಮೇಕಪ್ಪು ಭಯಕ್ಕಲ್ಲ, ಕರುಣೆಗೆ ದುಡಿದಿದೆ. ಮೊದಲ ಚಿತ್ರದಲ್ಲಿ ಇಂಥದ್ದೊಂದು ಕ್ಷಣವಿಲ್ಲ. ಅಲ್ಲಿ ಸಾಯುವವರಿಗಾಗಿ ಅಳುವಷ್ಟು ಬಿಡುವನ್ನು ಚಿತ್ರ ಕೊಡುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಅದೇ ಬಿಲದಲ್ಲಿ ಕೊಲೆಗಾರರನ್ನು ಹುಡುಕಿಕೊಂಡು ಬಂದ ಲೆಫ್ಟಿಗೆ (ಡೆನ್ನಿಸ್ ಹಾಪರ್ ಅವರ ಪಾತ್ರ), ಮೊದಲ ಚಿತ್ರದಲ್ಲಿ ಸತ್ತ ತನ್ನ ಒಡಹುಟ್ಟಿದವರ ಮಗ ಫ್ರ್ಯಾಂಕ್ಲಿನ್‌ನ ಅಸ್ಥಿಪಂಜರ ಗಾಲಿಕುರ್ಚಿಯಲ್ಲಿಯೇ ಸಿಗುತ್ತದೆ. ಎರಡು ಚಿತ್ರಗಳನ್ನೂ ಕಟ್ಟಿಹಾಕಬಹುದಾಗಿದ್ದ ಗಂಟು ಅದು. ಅದನ್ನು ಅವಸರದಲ್ಲಿ ದಾಟಿ, ಮರ ಕೊಯ್ಯುವ ಮಷೀನುಗಳ ಕಾಳಗಕ್ಕೆ ಓಡುತ್ತಾರೆ. ನನಗೆ ನಿಜವಾದ ಕೋಪ ಬಂದದ್ದು ಅಲ್ಲಿ.

ಉತ್ತರ: ನಂದಿ ತಪ್ಪಲು, ಚಿಕ್ಕಬಳ್ಳಾಪುರ

ನಾನು ಪ್ರಶ್ನೆ ಕೇಳಿದವರ ಪಕ್ಷ. ಮೇಡಂ ಹೇಳಿದ ಎಲ್.ಜಿ.ಯ ದೃಶ್ಯ ದೊಡ್ಡದು, ಸರಿ. ಆದರೆ ಒಂದು ದೃಶ್ಯದ ಬಲದಿಂದ ಒಂದು ಚಿತ್ರ ಇನ್ನೊಂದಕ್ಕೆ ಸಮನಾಗುವುದಿಲ್ಲ.

ಕೊಲೆಗಾರರು ನಾಯಕಿಯನ್ನು ಕಟ್ಟಿಹಾಕಿ, ತಮ್ಮ ಮುದಿ ಅಜ್ಜನ ಕೈಗೆ ಸುತ್ತಿಗೆ ಕೊಟ್ಟು ಅವಳ ತಲೆಗೆ ಹೊಡೆಸಲು ನೋಡುವ, ಮೊದಲ ಚಿತ್ರದ ಊಟದ ಮೇಜಿನ ದೃಶ್ಯ ಹೇಗೆ ಆಯಿತೆಂದು ನೆನಪಿಸಿಕೊಳ್ಳಿ. 1973ರ ಬೇಸಿಗೆ, ಟೆಕ್ಸಾಸ್‌ನ ರೌಂಡ್ ರಾಕ್ ಊರಿನ ಹಳೆಯ ಮನೆ, ರಾತ್ರಿಯೆಂದು ತೋರಿಸಲು ಕಿಟಕಿಗಳನ್ನೆಲ್ಲ ಮುಚ್ಚಿದ ಕೋಣೆ, ದೀಪಗಳ ಕಾವು ಸೇರಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಸೆಕೆ, ಮೇಜಿನ ಮೇಲೆ ಕೊಳೆಯುತ್ತಿದ್ದ ಮಾಂಸ, ಸುತ್ತಲೂ ನಿಜವಾದ ಪ್ರಾಣಿಗಳ ಮೂಳೆ. ಅಜ್ಜನ ಮೇಕಪ್ಪು ಮತ್ತೊಮ್ಮೆ ಹಾಕುವಂತಿರಲಿಲ್ಲವಾದ್ದರಿಂದ ಇಪ್ಪತ್ತನಾಲ್ಕು ಗಂಟೆಗೂ ಮೀರಿ ಒಂದೇ ಸಮನೆ ಚಿತ್ರೀಕರಣ ನಡೆಸಿದರು. ನಕಲಿ ರಕ್ತದ ಕೊಳವೆ ಕೈಕೊಟ್ಟಾಗ ನಾಯಕಿ ಮರ್ಲಿನ್ ಬರ್ನ್ಸ್ ಅವರ ಬೆರಳನ್ನು ನಿಜವಾಗಿಯೇ ಕೊಯ್ದದ್ದನ್ನು ಮುಖವಾಡ ತೊಟ್ಟಿದ್ದ ನಟ ಗುನ್ನಾರ್ ಹ್ಯಾನ್ಸೆನ್ ತಾವೇ ಹೇಳಿಕೊಂಡಿದ್ದಾರೆ. ಇದನ್ನು ನಾನು ಹೊಗಳುತ್ತಿಲ್ಲ. ನಟಿಯೊಬ್ಬಳನ್ನು ಹಾಗೆ ನಡೆಸಿಕೊಳ್ಳುವುದು ತಪ್ಪು. ಆದರೆ ಪರದೆಯ ಮೇಲೆ ಕಾಣುವ ಆ ಬಳಲಿಕೆ, ಆ ಕಣ್ಣುಗಳ ಸಮೀಪಚಿತ್ರ, ಯಾವ ಕಲಾವಿದನ ಬಣ್ಣದಿಂದಲೂ ಬಾರದು. ಎರಡನೆಯ ಭಾಗದಲ್ಲಿಯೂ ಅದೇ ಅಜ್ಜ, ಅದೇ ಸುತ್ತಿಗೆಯ ದೃಶ್ಯವನ್ನು ಮತ್ತೆ ತಂದಿದ್ದಾರೆ, ಈ ಸಲ ಬಣ್ಣಬಣ್ಣದ ದೀಪಗಳನ್ನು ತೂಗುಹಾಕಿದ ವಿಶಾಲವಾದ ಸೆಟ್ಟಿನಲ್ಲಿ. ನೋಡುತ್ತಿರುವಾಗ ನನ್ನ ಕಣ್ಣು ಸೆಟ್ಟಿನ ಅಂದವನ್ನು ನೋಡಿತೇ ಹೊರತು ಹುಡುಗಿಯನ್ನಲ್ಲ.

ಹಾಸ್ಯ ಬೆರೆಸಿದ್ದೇ ದೋಷವೆಂದು ನಾನು ಹೇಳುವುದಿಲ್ಲ. ಸ್ಯಾಮ್ ರೈಮಿ 1981ರ ‘ಈವಿಲ್ ಡೆಡ್’ ಆದ ಮೇಲೆ 1987ರಲ್ಲಿ ಅದರ ಎರಡನೆಯ ಭಾಗವನ್ನು ಮಾಡಿದಾಗ ಅವರೂ ಹಾಸ್ಯಕ್ಕೆ ಹೊರಳಿದರು. ಅಲ್ಲಿ ನಾಯಕನ ಕೈಯೇ ಅವನಿಗೆ ವೈರಿಯಾಗುತ್ತದೆ. ನಗುವೂ ನೋವೂ ಒಬ್ಬನ ಮೈಯಲ್ಲಿಯೇ ನಡೆಯುವುದರಿಂದ ಎರಡೂ ಉಳಿಯುತ್ತವೆ. ಹೂಪರ್ ಚಿತ್ರದಲ್ಲಿ ನಗು ಕೊಲೆಗಾರರ ಪಾಲಾಯಿತು, ನೋವು ಸ್ಟ್ರೆಚ್‌ಳ ಪಾಲಾಯಿತು. ಅವಳ ಚೀರಾಟ ಒಂದು ಚಿತ್ರದ್ದು, ಅವರ ಕುಚೋದ್ಯ ಇನ್ನೊಂದು ಚಿತ್ರದ್ದು ಎನ್ನಿಸಿಬಿಡುತ್ತದೆ.

ಉತ್ತರ: ಬಣ್ಣದ ಪೆಟ್ಟಿಗೆ, ಗುಬ್ಬಿ

ಬಿಲದ ಭಾಗದ ಬಗ್ಗೆ ನೀವು ಹೇಳಿದ್ದು ನ್ಯಾಯ. ರೇಡಿಯೋ ಕೇಂದ್ರದ ಭಾಗವನ್ನು ಮಾತ್ರ ಅದರೊಂದಿಗೆ ಸೇರಿಸಬೇಡಿ. ರಾತ್ರಿ ಕೇಂದ್ರದಲ್ಲಿ ಸ್ಟ್ರೆಚ್‌ಳ ಎದುರಿಗೆ ಚಾಪ್ ಟಾಪ್ ಕುಳಿತು ಹಲ್ಲು ಕಿರಿಯುತ್ತಾ ಮಾತಾಡುತ್ತಾನೆ, ಅವಳು ಮರ್ಯಾದೆಯಿಂದಲೇ ಅವನನ್ನು ಹೊರಗೆ ಸಾಗಹಾಕಲು ನೋಡುತ್ತಾಳೆ, ಮಾತು ಮುಗಿಯುವುದೇ ಇಲ್ಲ, ಹಿಂದೆ ರೆಕಾರ್ಡುಗಳ ಕೋಣೆಯ ಕತ್ತಲು ಇದೆ. ಆ ಕತ್ತಲೊಳಗಿಂದ ಮಷೀನು ಹಿಡಿದವನು ನುಗ್ಗಿ ಬರುವವರೆಗಿನ ಕಾಯುವಿಕೆ ಮೊದಲ ಚಿತ್ರದ ಯಾವ ಭಾಗಕ್ಕೂ ಕಡಿಮೆಯಿಲ್ಲ. ಅಲ್ಲಿ ನಗುವೂ ಭಯವೂ ಒಂದೇ ಕೋಣೆಯಲ್ಲಿವೆ. ಮುಂದಿನದನ್ನೆಲ್ಲ ಅದೇ ಅಳತೆಯಲ್ಲಿ ಹೆಣೆದಿದ್ದರೆ ನಾವು ಇಲ್ಲಿ ಬೇರೆಯೇ ಚರ್ಚೆ ಮಾಡುತ್ತಿದ್ದೆವು.

ಪ್ರಶ್ನೆ ಕೇಳಿದವರು: ಮಹಡಿ ಮನೆ, ತುಮಕೂರು

ಎಲ್ಲರಿಗೂ ಧನ್ಯವಾದ. ಅಕ್ಕ ಹೇಳಿದ ಎಲ್.ಜಿ.ಯ ದೃಶ್ಯವನ್ನು ಓದಿ, ನಿನ್ನೆ ರಾತ್ರಿ ಅಷ್ಟು ಭಾಗವನ್ನು ಮತ್ತೆ ನೋಡಿದೆ. ಅವನು ಎದ್ದು ನಿಂತಾಗ ಸ್ಟ್ರೆಚ್‌ಳ ದನಿಯಲ್ಲಿ ಹೆದರಿಕೆಗಿಂತ ಮರುಕವೇ ಹೆಚ್ಚು ಎಂಬುದು ಮೊದಲ ಸಲ ನನಗೆ ಕೇಳಿಸಿರಲಿಲ್ಲ. ಆದರೂ ನನ್ನ ಮಟ್ಟಿಗೆ ಎರಡನೆಯದು ಮೊದಲನೆಯದರ ಎತ್ತರಕ್ಕೆ ಏರುವುದಿಲ್ಲ. ಒಂದು ಒಳ್ಳೆಯ ಮೊದಲರ್ಧ ಮತ್ತು ಒಂದು ದೊಡ್ಡ ದೃಶ್ಯವಿರುವ, ದಿಕ್ಕು ತಪ್ಪಿದ ಚಿತ್ರ ಅದು. ಗುಂಪಿನಲ್ಲಿ ಇಬ್ಬರು ಕಳೆದ ತಿಂಗಳು ಬಾರದೆ ಮೊದಲನೆಯದನ್ನು ನೋಡಿಲ್ಲ, ಒಬ್ಬರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಎರಡನ್ನೂ ಒಂದೇ ರಾತ್ರಿ ಹಾಕಬಹುದೇ?

ಉತ್ತರ: ಗದಾಯುದ್ಧ ಓದುಗಿ, ಕೋಲಾರ

ಬೇಡ. ಮೊದಲನೆಯದು ಒಂದೂವರೆ ಗಂಟೆಯೂ ಇಲ್ಲ, ಆದರೆ ಅದು ಬಿಟ್ಟುಹೋಗುವ ಭಾರ ಇಳಿಯಲು ಒಂದೆರಡು ದಿನ ಬೇಕು. ಅದರ ಬೆನ್ನಿಗೇ ಎರಡನೆಯದನ್ನು ಹಾಕಿದರೆ ಅದರ ನಗು ಬರಿಯ ಅವಮಾನದಂತೆ ಕೇಳುತ್ತದೆ. ಒಂದು ವಾರದ ಅಂತರವಿರಲಿ. ತಲೆ ಸುತ್ತುವವರನ್ನು ಮೊದಲನೆಯದಕ್ಕೆ ಧೈರ್ಯವಾಗಿ ಕರೆಯಿರಿ, ಅದರಲ್ಲಿ ಏನೇನಿದೆ ಎಂದು ಮೊದಲೇ ಹೇಳಿ. ಎರಡನೆಯದಕ್ಕೆ ಬರುವುದನ್ನು ಅವರ ಇಷ್ಟಕ್ಕೆ ಬಿಡಿ. ಇನ್ನೊಂದು ಮಾತು: ಮೊದಲ ಚಿತ್ರಕ್ಕೆ ಹೂಪರ್ ಮತ್ತು ವೇಯ್ನ್ ಬೆಲ್ ಸೇರಿಸಿದ ಸದ್ದುಗಳಲ್ಲಿ ರಾಗವೆಂಬುದೇ ಇಲ್ಲ, ಲೋಹ ತೀಡುವ, ಕಿರುಗುಟ್ಟುವ ಶಬ್ದಗಳೇ ಎಲ್ಲ, ಮತ್ತು ಆರಂಭದ ಸ್ಮಶಾನದ ದೃಶ್ಯದಲ್ಲಿ ಕ್ಯಾಮೆರಾ ಮಿಂಚುವಾಗ ಕೇಳುವ ಆ ಸದ್ದಿನಿಂದಲೇ ಅರ್ಧ ಭಯ ಹುಟ್ಟುತ್ತದೆ. ಆದ್ದರಿಂದ ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾದೀತೆಂದು ದನಿ ತಗ್ಗಿಸಿಕೊಂಡು ನೋಡಬೇಡಿ. ಕಿಟಕಿ ಬಾಗಿಲು ಮುಚ್ಚಿಕೊಳ್ಳಿ, ಅಥವಾ ಎಲ್ಲರೂ ಎಚ್ಚರವಿರುವ ಸಂಜೆಯ ಹೊತ್ತಿನಲ್ಲಿಯೇ ಹಾಕಿಬಿಡಿ.